ಬೇರು, ಹೂ, ಕಾಯಿ ಸಮೇತ

ಆ ಮನೆಯಲ್ಲಿ ಪತ್ರಿಕೆಯನ್ನು ನೆಮ್ಮದಿಯಾಗಿ ಓದುವ ಭಾಗ್ಯ ಯಾರಿಗೂ ಇರಲಿಲ್ಲ. ಬೆಳಿಗ್ಗೆ ಬಂದ ಪತ್ರಿಕೆ ಮಧ್ಯಾಹ್ನದೊಳಗೆ ಯಾವುದೋ ಗಿಡದ ಅಡಿಗೋ ಮೇಲಕ್ಕೋ ಸೇರಿ, ಹಾಸಿಗೆಯ ಕೆಳಗೆ ಹೋಗಿಬಿಡುತ್ತಿತ್ತು.

"ನಿನ್ನೆ ಪೇಪರ್ ಎಲ್ರೀ?" ಎಂದು ಹೆಂಡತಿ ಕೇಳಿದರೆ, "ಈಗ ತೆಗೀಬೇಡ, ಒಳಗೆ ಜೌಗುಹುಲ್ಲು ಒಣಗ್ತಿದೆ" ಎನ್ನುತ್ತಿದ್ದರು ಮೇಷ್ಟ್ರು.

"ಮದುವೆ ಆದಾಗಿಂದ ಹುಲ್ಲಿನ ಮೇಲೇ ಮಲಗಿಸಿದ್ದೀರಿ. ಹಸುವಿಗಾದ್ರೆ ತಿನ್ನೋಕಾದ್ರೂ ಸಿಗ್ತಿತ್ತು."

ಮೇಷ್ಟ್ರು ಊರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು. ಹುಡುಗರ ಬಾಯಲ್ಲಿ ಅವರು 'ಬೇರು ಮೇಷ್ಟ್ರು'. ಅಂತಿಮ ವರ್ಷದ ಪ್ರತಿಯೊಬ್ಬರೂ ಕಡಲ ದಂಡೆಯ ಮೂವತ್ತು ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಕುಟುಂಬ, ಪ್ರಭೇದ ಬರೆದು ಒಪ್ಪಿಸಬೇಕು. ಗಿಡ ಬೇರು, ಹೂ, ಕಾಯಿ ಸಮೇತ ಇರಬೇಕು. ಒಂದು ಕಡಿಮೆಯಾದರೂ ಪ್ರಾಯೋಗಿಕ ಪರೀಕ್ಷೆಗೆ ಪ್ರವೇಶವಿಲ್ಲ. ಈ ನಿಯಮ ಮಾಡಿದವರು ಅವರೇ, ಕಾಯ್ದುಕೊಂಡು ಬಂದವರೂ ಅವರೇ.

ಈ ಸಲ ಆ ತರಗತಿಯಲ್ಲಿ ಅವರ ಮಗಳೂ ಇದ್ದಳು. ಒಪ್ಪಿಸುವ ಹಿಂದಿನ ಸಂಜೆ ಅವಳು ತನ್ನ ಕಟ್ಟನ್ನು ಊಟದ ಮೇಜಿನ ಮೇಲೆ ಬಿಚ್ಚಿಟ್ಟಳು. ಮಗಳೆಂದು ರಿಯಾಯಿತಿ ಇರಲಿಲ್ಲ. ಕನ್ನಡಕ ಒರೆಸಿಕೊಂಡು ಒಂದೊಂದೇ ಹಾಳೆ ನೋಡುತ್ತಾ ಹೋದವರು ಹೆಸರಷ್ಟೇ ಬರೆದಿದ್ದ ಒಂದು ಖಾಲಿ ಹಾಳೆಯ ಬಳಿ ನಿಂತರು.

"ಕಡಲವರೆ ಬಳ್ಳಿ ಎಲ್ಲಿ?"

"ಮರಳು ದಿಬ್ಬದ ಮೇಲಿದೆ."

"ಹಾಳೆ ಮೇಲೆ ಯಾಕಿಲ್ಲ?"

"ಒಂದೇ ಒಂದು ಬಳ್ಳಿ ಉಳಿದಿದೆ ಅಪ್ಪ. ಕೀಳೋಕೆ ಕೈ ಬರಲಿಲ್ಲ."

"ಒಂದೇನಾ! ನಾನು ಓದೋವಾಗ ಆ ದಿಬ್ಬದ ತುಂಬ ಅದೇ ಹಬ್ಬಿತ್ತು. ನೀನು ಸರಿಯಾಗಿ ಹುಡುಕಿಲ್ಲ."

"ಮೂರು ಸಲ ಹೋಗಿ ಹುಡುಕಿದೆ. ಫೋಟೋ ಇದೆ, ಚಿತ್ರ ಬರೆದಿದ್ದೀನಿ. ಸಾಲದಾ?"

ಮೇಷ್ಟ್ರು ಸಿಟ್ಟಾಗಲಿಲ್ಲ. ಪಾಠ ಮಾಡುವ ದನಿಯಲ್ಲೇ ಹೇಳಿದರು. "ಫೋಟೋದಲ್ಲಿ ಬೇರಿನ ಗಂಟು ಕಾಣುತ್ತಾ? ಕಾಯಿ ಬಿಡಿಸಿ ಬೀಜ ನೋಡೋಕಾಗುತ್ತಾ? ಎರಡು ಗಿಡ ಒಂದೇ ಥರ ಕಂಡಾಗ ಇವನ್ನೆಲ್ಲ ನೋಡಿಯೇ ಹೇಳ್ಬೇಕು. ಅಂದಾಜಿನ ಮೇಲೆ ಹೆಸರಿಟ್ಟರೆ ಅದು ಶಾಸ್ತ್ರ ಅಲ್ಲಮ್ಮ, ಹರಟೆ."

"ಅದನ್ನ ನಾನೂ ಒಪ್ತೀನಿ. ಆದ್ರೆ ಕಾಲೇಜಿನ ಬೀರುವಿನಲ್ಲಿ ಅದೇ ಗಿಡದ ಹಾಳೆ ರಾಶಿ ಬಿದ್ದಿದೆ. ನಾನು ಇನ್ನೊಂದು ಸೇರಿಸಿದ್ರೆ ಯಾರಿಗೆ ಏನು ಹೊಸದಾಗಿ ಗೊತ್ತಾಗುತ್ತೆ?"

"ನಿಯಮ ಎಲ್ಲರಿಗೂ ಒಂದೇ. ನಾಳೆ ಕಟ್ಟು ಪೂರ್ತಿ ಇಲ್ಲದಿದ್ರೆ ನಿನಗೆ ಒಂದು ವರ್ಷ ಹೋಗುತ್ತೆ."

"ಗೊತ್ತಪ್ಪ" ಎಂದಳು ಮಗಳು. ಕಣ್ಣು ತುಂಬಿದ್ದರೂ ದನಿ ಗಟ್ಟಿಯಾಗಿತ್ತು.

"ಹಟ ನೋಡಿ ಹಟ!" ಅಡುಗೆಮನೆಯಿಂದ ತಾಯಿ ಕೂಗಿದಳು. "ಅದು ಯಾವ ಕುಟುಂಬದ್ದು ಅಂತ ಚೀಟಿ ಅಂಟಿಸೋದೇ ಬೇಡ."

ಬೆಳಿಗ್ಗೆ ಮೇಷ್ಟ್ರು ಯಾರಿಗೂ ಹೇಳದೆ ಅಗೆಯುವ ಕೈಸಲಿಕೆ ಹಿಡಿದು ದಿಬ್ಬಕ್ಕೆ ಹೋದರು. ಬಳ್ಳಿಯನ್ನು ತಾವೇ ಕಿತ್ತು ತಂದು ಮಗಳ ಮೇಜಿನ ಮೇಲಿಟ್ಟುಬಿಡುವುದು ಎಂದು ತೀರ್ಮಾನಿಸಿದ್ದರು. ತಪ್ಪು ಅಂತ ಗೊತ್ತಿತ್ತು. ಆದರೆ ಮಗಳ ಒಂದು ವರ್ಷ ಹಾಳಾಗುವುದನ್ನು ನೋಡುವಷ್ಟು ಕಲ್ಲುಮನಸ್ಸು ಅವರಿಗಿರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಅವರು ದಿಬ್ಬ ಹತ್ತಿದ್ದೇ ಇಲ್ಲ, ಮಂಡಿನೋವು. ಕೆಳಗೆ ರಸ್ತೆಯಲ್ಲಿ ಅಂಗಡಿಯವರು ಬಾಗಿಲ ಮುಂದಿನ ಮರಳು ಗುಡಿಸುತ್ತಿದ್ದರು. ಪ್ರವಾಸಿಗರ ಸವಾರಿ ಕುದುರೆಗಳು ತುಳಿದು ದಿಬ್ಬ ಹಾಳಾಯಿತು, ಅದಕ್ಕೇ ಮರಳು ಊರೊಳಗೆ ನುಗ್ಗುತ್ತಿದೆ ಎಂದು ಮೇಷ್ಟ್ರು ಸಿಕ್ಕಸಿಕ್ಕ ಸಭೆಯಲ್ಲೆಲ್ಲ ದೂರುತ್ತಿದ್ದರು. ನೀರಿನಂಚಿಗೆ ಗೊರಸೆಲೆಯ ಬಳ್ಳಿ, ಅದರ ಹಿಂದೆ ಕಡಲವರೆ, ಆಮೇಲೆ ಒರಟು ಹುಲ್ಲು, ಕೊನೆಗೆ ಪೊದೆ. ಮರಳನ್ನು ಹಿಡಿದಿಡುವ ಈ ಸಾಲುಗಳು ಅವರು ಕಣ್ಣುಮುಚ್ಚಿ ಹೇಳಬಲ್ಲ ಪಾಠ. ಈಗ ಎರಡನೆಯ ಸಾಲೇ ಇರಲಿಲ್ಲ. ಅಲ್ಲಿ ಬರೀ ಮರಳು ಹಾರುತ್ತಿತ್ತು.

ಬಳ್ಳಿ ಸಿಕ್ಕಿತು. ತಲೆಕೆಳಗಾಗಿ ಅರಳಿದ ನೇರಳೆ ಹೂ, ಮೂರು ಮೂರರ ದಪ್ಪ ಎಲೆ, ಇನ್ನೂ ಹಸಿರಾಗಿದ್ದ ಎರಡು ಕಾಯಿ. ಮೇಷ್ಟ್ರಿಗೆ ಹಳೆಯ ಗೆಳೆಯ ಸಿಕ್ಕಷ್ಟು ಖುಷಿಯಾಯಿತು. ಮಂಡಿಯೂರಿ, ಬುಡದಿಂದ ಒಂದು ಗೇಣು ಬಿಟ್ಟು ಸಲಿಕೆಯಿಂದ ದುಂಡಗೆ ಗೆರೆ ಎಳೆದರು. ಬೇರಿಗೆ ಪೆಟ್ಟಾಗದಂತೆ ಅಗೆಯಲು ಅವರು ಎಲ್ಲರಿಗೂ ಕಲಿಸಿದ್ದು ಹೀಗೆಯೇ: ದುಂಡಗೆ, ಮಣ್ಣು ಎಡಕ್ಕೆ.

ಆಗ ಪಕ್ಕದಲ್ಲಿ ಹೊಸದಾಗಿ ಅಗೆದ ಗುಂಡಿ ಕಣ್ಣಿಗೆ ಬಿತ್ತು. ಅದೂ ದುಂಡಗಿತ್ತು, ಎಡಕ್ಕೆ ಮರಳಿನ ಗುಪ್ಪೆ ಇತ್ತು. ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಹಳೆಯವು ಗಾಳಿ ಕೊರೆದು ಒಂದಕ್ಕೊಂದು ಸೇರಿ, ದಿಬ್ಬವೇ ಅಲ್ಲಲ್ಲಿ ಬಾಯಿ ತೆರೆದಿತ್ತು. ಯಾವ ಕುದುರೆಯೂ ಮಣ್ಣನ್ನು ಎಡಕ್ಕೆ ಹಾಕುವುದಿಲ್ಲ.

ವರ್ಷ ವರ್ಷವೂ ಒಂದೊಂದು ತರಗತಿಯನ್ನು ಇಲ್ಲಿಗೆ ಕಳಿಸಿದ್ದರು, ಅದೂ ಕಾಯಿ ಬಲಿಯುವ ಕಾಲಕ್ಕೇ. ಬೇರು ಹೋಯಿತು, ಮತ್ತೆ ಹುಟ್ಟಬೇಕಾದ ಬೀಜವೂ ಹಾಳೆಗೆ ಅಂಟಿಕೊಂಡು ಹೋಯಿತು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಎಳೆದ ಗೆರೆಯನ್ನು ಅಂಗೈಯಿಂದ ಅಳಿಸಿ, ಬುಡಕ್ಕೆ ಮರಳು ಒತ್ತಿ ಎದ್ದರು.

ಕಾಲೇಜಿನಲ್ಲಿ ಹುಡುಗರು ಕಟ್ಟುಗಳನ್ನಿಟ್ಟುಕೊಂಡು ಕಾಯುತ್ತಿದ್ದರು. ಮಗಳು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಮರಳು ಮೆತ್ತಿದ ಪ್ಯಾಂಟಿನಲ್ಲೇ ಮೇಷ್ಟ್ರು ಒಳಗೆ ಬಂದರು.

"ದಿಬ್ಬ ಹಾಳು ಮಾಡಿದ್ದು ಕುದುರೆ ಅಂತ ಹೇಳ್ತಿದ್ದೆ. ಕುದುರೆ ಅಲ್ಲ, ನಾನು. ಈಗ ಹೋಗಿ ನೋಡ್ಕೊಂಡು ಬಂದೆ" ಎಂದರು. "ಇನ್ನು ಮೇಲೆ ಯಾರೂ ಗಿಡ ಕೀಳೋದು ಬೇಡ. ಬೇರು, ಬೀಜ ನೋಡೋಕೆ ಬೀರುವಿನಲ್ಲಿರೋ ಹಾಳೆ ಬಿಡಿಸಿ ನೋಡೋಣ. ಉಳಿದದ್ದನ್ನ ದಿಬ್ಬದ ಮೇಲೇ ಕೂತು ಬರೀರಿ. ಪರೀಕ್ಷೆಗೆ ಎಲ್ಲರೂ ಕೂರ್ತೀರಿ."

ಆಮೇಲೆ ಎಲ್ಲರೂ ತಮ್ಮ ತಮ್ಮ ಕಟ್ಟಿನಿಂದ ಕಡಲವರೆಯ ಹಾಳೆ ತೆಗೆದು, ಕತ್ತರಿಯಿಂದ ಕಾಯಿ ಬಿಡಿಸಿ ಬೀಜ ಕೊಡುವಂತೆ ಹೇಳಿದರು. ಗಟ್ಟಿ ಸಿಪ್ಪೆಯ ಬೀಜ. ಸ್ವಲ್ಪ ಉಜ್ಜಿ, ನೆನೆಸಿ, ಮಳೆ ಶುರುವಾಗುತ್ತಲೇ ದಿಬ್ಬದಲ್ಲಿ ಊರಬೇಕು.

"ಹುಟ್ಟುತ್ತಾ ಸರ್?"

"ಗೊತ್ತಿಲ್ಲ. ಕಿತ್ತೇ ಅಭ್ಯಾಸ, ನೆಟ್ಟು ಗೊತ್ತಿಲ್ಲ."

ಮುಂದಿನ ಬೆಂಚಿನ ಹುಡುಗನಿಗೆ ಇನ್ನೂ ಅನುಮಾನ. "ಸರ್, ಕಾಯಿ ಇಲ್ಲದ ಹಾಳೆಗೆ ಮಾರ್ಕ್ಸ್ ಕಟ್ ಆಗುತ್ತಾ?"

"ಕಾಯಿ ಇರೋ ಹಾಳೆಗೆ ಕಟ್" ಎಂದರು ಮೇಷ್ಟ್ರು.

ನಗು ಎದ್ದಿತು. ಕತ್ತರಿಗಳು ಕೈಯಿಂದ ಕೈಗೆ ದಾಟತೊಡಗಿದವು. ಮೇಷ್ಟ್ರು ಗಾಜಿನ ಬಟ್ಟಲು ಹಿಡಿದು ಬೆಂಚಿನಿಂದ ಬೆಂಚಿಗೆ ನಡೆದರು. ಹಿಂದಿನ ಬೆಂಚಿಗೆ ಬರುವಷ್ಟರಲ್ಲಿ ಬಟ್ಟಲು ತುಂಬಿ ತುಳುಕುತ್ತಿತ್ತು. ಕತ್ತರಿಸಲು ಏನೂ ಇಲ್ಲದ ಮಗಳು ಎದ್ದು ಬಂದು ಬಟ್ಟಲಿನ ಇನ್ನೊಂದು ಬದಿ ಹಿಡಿದುಕೊಂಡಳು.