ಏಜಾಜನ ಬ್ಯಾಗು

ಬ್ಯಾಗಿನ ಚೈನು ಎಳೆದ ಸದ್ದು ಅದು. ಸ್ವಲ್ಪ ಸರಿದು, ನಿಂತು, ಮತ್ತೆ ಸರಿಯಿತು. ಯಾರೋ ಉಸಿರು ಬಿಗಿಹಿಡಿದು ಎಳೆಯುತ್ತಿದ್ದ ಹಾಗಿತ್ತು. ಸೋನಾಲಿ ಹಾಸಿಗೆಯಲ್ಲೇ ಕಣ್ಣು ಬಿಟ್ಟಳು. ಪಕ್ಕದಲ್ಲಿ ಗಂಡ ಶಿವಕಾಂತ ಗೋಡೆಗೆ ಮುಖ ಮಾಡಿ ಗಾಢ ನಿದ್ದೆಯಲ್ಲಿದ್ದ. ಪಡಸಾಲೆಯಲ್ಲಿ ಇದ್ದದ್ದು ಪಕ್ಕದ ಮನೆಯ ಏಜಾಜನ ಬ್ಯಾಗು. ಅಲ್ಲಿ ಮಲಗುತ್ತಿದ್ದವಳು ಅತ್ತೆ ಜನಾಬಾಯಿ.

ಎದ್ದು ಹೋಗಿ ನೋಡಬಹುದಿತ್ತು. ನೋಡಿದರೆ ಕೇಳಬೇಕು, ಕೇಳಿದರೆ ಸಂಜೆ ಮುಗಿದ ಜಗಳ ಮತ್ತೆ ಮೊದಲಾಗಬೇಕು. ಸೋನಾಲಿ ಮಗ್ಗುಲು ಬದಲಿಸಿದಳು.

ಏಜಾಜ ಇಮಾಮಬೀಯ ಒಬ್ಬನೇ ಮಗ. ದುಬೈಯಲ್ಲಿ ಎಸಿ ರಿಪೇರಿ ಮಾಡುತ್ತಿದ್ದ. ರಜೆಗೆಂದು ಭಾಲ್ಕಿಗೆ ಬಂದವನು ಬೆಳಗಾಗುವ ಮುಂಚೆ ಜೀಪು ಹತ್ತಿ ಹೈದರಾಬಾದಿಗೆ ಹೋಗಿ ವಿಮಾನ ಹಿಡಿಯಬೇಕಿತ್ತು. ಆ ಓಣಿಯಿಂದ ಯಾರು ಹೊರದೇಶಕ್ಕೆ ಹೊರಟರೂ ಬ್ಯಾಗು ಕಟ್ಟಿಸಲು ಸೋನಾಲಿಯ ಹತ್ತಿರವೇ ಬರುತ್ತಿದ್ದರು. ಅವಳು ಬೀದರಿನಲ್ಲಿ ಡಿಗ್ರಿ ಓದಿದವಳು. ನಾದಿನಿ ಆರತಿಯನ್ನು ಮೊದಲ ಸಲ ದುಬೈಗೆ ಕಳಿಸುವಾಗ ನಿಯಮಗಳನ್ನೆಲ್ಲ ಮೊಬೈಲಿನಲ್ಲಿ ಹುಡುಕಿ ಓದಿಕೊಂಡಿದ್ದಳು. ದೇಶದ ಗಡಿಯಲ್ಲಿ ಗದ್ದಲವಾದ ಬೇಸಿಗೆಯಿಂದ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಇನ್ನೂ ಬಿಗಿಯಾಗಿತ್ತು. ಚಾರ್ಜರಿನ ಬ್ಯಾಟರಿ ಕೈಚೀಲದಲ್ಲಿರಬೇಕು, ಉಪ್ಪಿನಕಾಯಿ ಕೈಚೀಲದಲ್ಲಿ ಇರಬಾರದು, ಒಣ ಕೊಬ್ಬರಿ ಎಲ್ಲಿಯೂ ಬೇಡ. ಅವಳು ಹೀಗೆ ಒಂದೊಂದನ್ನೇ ಎತ್ತಿಡುವಾಗ ಬಂದವರು ಡಾಕ್ಟರ ಮುಂದೆ ಕುಳಿತವರಂತೆ ಸುಮ್ಮನಿರುತ್ತಿದ್ದರು.

ಆ ಸಂಜೆಯೂ ಹಾಗೇ ಆಗಿತ್ತು. ಮಗನಿಗೆಂದು ಇಮಾಮಬೀ ಮಸಾಲೆ ಪುಡಿಗಳ ನಡುವೆ ಗಸಗಸೆಯ ಪುಟ್ಟ ಚೀಲವೊಂದನ್ನು ಇಟ್ಟಿದ್ದಳು. ಸೋನಾಲಿ ಅದನ್ನು ಹಾವು ಕಂಡಂತೆ ಹೊರಗೆಳೆದಳು. ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವ ಗಸಗಸೆ ಅಲ್ಲಿ ಅಫೀಮಿನ ಲೆಕ್ಕಕ್ಕೆ ಸೇರುತ್ತದೆ, ಹೈದರಾಬಾದಿನಲ್ಲಿ ಯಾರೂ ಏನೂ ಅನ್ನಲಿಕ್ಕಿಲ್ಲ, ಇಳಿದ ಮೇಲೆ ಸೀದಾ ಜೈಲು ಎಂದು ತಿಳಿಸಿ ಹೇಳಿದಳು. ಇಮಾಮಬೀ ಹೆದರಿ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಏಜಾಜ ನಕ್ಕ. "ಭಾಭಿ, ನೀವು ಏರ್‌ಪೋರ್ಟನ್ಯಾಗ ನೌಕರಿ ಹಿಡೀರಿ. ಅಲ್ಲಿ ಇರೋರಕಿಂತ ನೀವೇ ಖಡಕ್ ಇದ್ದೀರಿ."

ಅವಳು ನಗಲಿಲ್ಲ. ಕೌಂಟರಿನಲ್ಲಿ ಬ್ಯಾಗು ಯಾರು ಕಟ್ಟಿದರು, ಬೇರೆಯವರು ಏನಾದರೂ ಕೊಟ್ಟಿದ್ದಾರೆಯೇ ಎಂದು ಕೇಳುತ್ತಾರೆ, ತಡವರಿಸಿದರೆ ಎಲ್ಲವನ್ನೂ ಬಿಚ್ಚಿಸುತ್ತಾರೆ ಎಂದಳು. ನಾನೇ ಕಟ್ಟೇನಿ, ಯಾರದೂ ತಂದಿಲ್ಲ ಎಂದು ಎದುರಿನವರ ಕಣ್ಣು ನೋಡಿ ಹೇಳುವುದನ್ನು ಅವನಿಂದ ಹೇಳಿಸಿ ರೂಢಿ ಮಾಡಿಸಿದಳು.

ಆಗಲೇ ಜನಾಬಾಯಿ ಸ್ಟೀಲಿನ ಡಬ್ಬಿ ಹಿಡಿದು ಬಂದದ್ದು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಆರತಿ ದುಬೈಯಲ್ಲಿ ಹೆತ್ತಿದ್ದಳು. ಕೂಸು ಸೊರಗಿತ್ತು, ತಾಯಿಗೆ ಹಾಲು ಸಾಲದಾಗಿತ್ತು. ವೀಸಾ ಆಗದೆ ಬಾಣಂತನಕ್ಕೆ ಹೋಗಲಾಗದ ಜನಾಬಾಯಿ, ಔರಾದಿನ ತವರಿನಿಂದ ಜಾಲಿ ಅಂಟು ತರಿಸಿ, ತುಪ್ಪದಲ್ಲಿ ಅರಳಿಸಿ, ಉಂಡೆ ಕಟ್ಟಿದ್ದಳು. ಈ ಕಡೆ ಊರಿಗೆ ಹೋಗುವವನ ಕೈಯಲ್ಲಿ ಬಾಣಂತಿಗೆ ಉಂಡೆ ಕಳಿಸದ ಮನೆಯಿಲ್ಲ, ಒಯ್ಯಲಾರೆ ಎನ್ನುವವನೂ ಇಲ್ಲ. ಏಜಾಜ ಕೈಚಾಚಿದ್ದ. ಸೋನಾಲಿಯೇ ನಡುವೆ ಬಂದು, ಬೇರೆಯವರ ತಿಂಡಿ ಬೇಡವೇ ಬೇಡ ಎಂದಳು.

"ನೀ ಬಾಣಂತಿ ಇದ್ದಾಗ ನನ್ನ ಕೈ ಉಂಡಿ ತಿಂದೇ ಎದ್ದೀದಿ," ಎಂದಳು ಜನಾಬಾಯಿ. "ನನ್ನ ಮಗಳಿಗಷ್ಟೇ ನಿನ್ನ ಕಾಯ್ದೆ ಬಂತು ಏನು?"

ಡಬ್ಬಿ ಅಡಿಗೆಮನೆಗೆ ಮರಳಿತು. ತೂಕ ಮಾಡಿ ಮುಗಿಸುವಷ್ಟರಲ್ಲಿ ಹೊತ್ತಾಗಿದ್ದರಿಂದ ಬ್ಯಾಗು ಪಡಸಾಲೆಯಲ್ಲೇ ಉಳಿಯಿತು.

ನಸುಕಿನಲ್ಲಿ ಜೀಪು ಹಾರ್ನ್ ಹೊಡೆಯುತ್ತಿತ್ತು. ಬ್ಯಾಗು ಎತ್ತಲು ಕೈ ಹಾಕಿದ ಸೋನಾಲಿಗೆ ಬಟ್ಟೆಯ ಮೇಲಿಂದಲೇ ಡಬ್ಬಿಯ ದುಂಡು ಅಂಚು ತಾಗಿತು. ತಲೆಯೆತ್ತಿದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಜನಾಬಾಯಿ ಇವಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಸೋನಾಲಿ ಬ್ಯಾಗನ್ನು ಎತ್ತಿ ಏಜಾಜನ ಕೈಗೆ ಕೊಟ್ಟಳು. ಆ ಗಳಿಗೆಯಲ್ಲಿ ಗಸಗಸೆಯ ನೆನಪು ಬರಲಿಲ್ಲ ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು.

ಮರುದಿನ ಮೊದಲು ಬಂದದ್ದು ಆರತಿಯ ಫೋನು. ಅಮ್ಮ ಕಳಿಸಿದ ಡಬ್ಬಿ ಬರಲಿಲ್ಲ, ಏಜಾಜಣ್ಣ ಫೋನು ಎತ್ತುತ್ತಿಲ್ಲ ಎಂದಳು. ಸಂಜೆ ಇಮಾಮಬೀ ಬರಿಗಾಲಲ್ಲಿ ಓಡಿ ಬಂದಳು. ಮಗ ಒಂದೇ ಒಂದು ನಿಮಿಷ ಮಾತಾಡಿದ್ದನಂತೆ. ಸಾಮಾನಿನಲ್ಲಿ ಗಸಗಸೆ ಸಿಕ್ಕಿದೆ, ಒಳಗೆ ಹಾಕಿದ್ದಾರೆ, ಅಳಬೇಡ ಅಂದನಂತೆ. ಅಷ್ಟರಲ್ಲಿ ಫೋನು ಕಟ್ಟಾಯಿತಂತೆ.

ಇಮಾಮಬೀ ಹೋದ ಮೇಲೆ ಸೋನಾಲಿ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ಉಂಡೆಗೆ ಏನೇನು ಹಾಕಿದ್ದಿರಿ ಎಂದು ಅತ್ತೆಯನ್ನು ಕೇಳಿದಳು. ಜನಾಬಾಯಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಗಸಗಸಿ ಇಲ್ದ ಅಂಟಿನುಂಡಿ ಹ್ಯಾಂಗ ಆಗ್ತದವಾ? ಒಂದು ಮುಷ್ಟಿ ಹುರದು ಹಾಕೀನಿ. ನೀ ಇಮಾಮಬೀ ಚಾಚಿ ಕಡಿಂದ ತಗಸಿದ್ದು ಚೀಲದಾಗಿನ ಹಸಿ ಗಸಗಸಿ. ಇದು ಉಂಡ್ಯಾಗ ಕರಗಿ ಹೋಗಿರೋದು. ಯಾರು ಹುಡಕ್ತಾರ ಅಂದುಕೊಂಡೆ."

ಉಂಡೆಯಲ್ಲಿ ಸೇರಿದ ಮೇಲೆ ಅದು ಉಂಡೆಯೇ ಹೊರತು ಗಸಗಸೆಯಲ್ಲ ಎಂಬುದು ಜನಾಬಾಯಿಯ ತಿಳಿವಳಿಕೆ. ಸೋನಾಲಿ ಒಲೆಯ ಉರಿ ತಗ್ಗಿಸಿದಳು. ತನ್ನ ಬಾಣಂತನದಲ್ಲಿ ತಿಂಗಳುಗಟ್ಟಲೆ ತಿಂದ ಉಂಡೆ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದ ಆ ಬಿಳಿಯ ಕಾಳುಗಳನ್ನು ತಾನು ಹೇಗೆ ಮರೆತಿದ್ದೆ?

ಬೀದರಿನ ಏಜೆಂಟನ ಬಳಿಗೆ ಹೋಗುವಾಗ ಇಮಾಮಬೀ ಸೋನಾಲಿಯನ್ನೇ ಕರೆದಳು. ಓದಿದವಳು ಜೊತೆಗಿದ್ದರೆ ಧೈರ್ಯ. ಏಜೆಂಟ ಖಾಜಾ ಮಿಯಾನ ಆಫೀಸು ಹಳೆಯ ಊರಿನ ಒಂದು ಮಹಡಿ ಮೇಲಿತ್ತು. ಅವನು ಒಳ್ಳೆಯವನೇ. ಚಹಾ ತರಿಸಿದ, ದುಬೈಯ ವಕೀಲನೊಂದಿಗೆ ಮಾತಾಡಿದ್ದನ್ನು ನಿಧಾನವಾಗಿ ಹೇಳಿದ. ಏಜಾಜ ಬ್ಯಾಗು ನಾನೇ ಕಟ್ಟಿದ್ದು, ಎಲ್ಲ ಸಾಮಾನೂ ನನ್ನದೇ ಎಂದು ಬರೆದುಕೊಟ್ಟಿದ್ದಾನೆ. ಎಷ್ಟು ಸಲ ಕೇಳಿದರೂ ಬೇರೆ ಹೆಸರು ಹೇಳುತ್ತಿಲ್ಲ. ಹೀಗೇ ಆದರೆ ವರ್ಷಗಟ್ಟಲೆ ಶಿಕ್ಷೆ ಆಗಬಹುದು.

"ಬೇರೆ ಯಾರರೆ ಕೊಟ್ಟಿದ್ರ, ಅವರು ಇಲ್ಲಿ ನೋಟರಿ ಮುಂದ ಬರದು ಕೊಡಬೇಕ್ರಿ," ಎಂದ ಖಾಜಾ ಮಿಯಾ. "ಇವನ ಮ್ಯಾಲಿನ ಕೇಸ್ ಹಗರ ಆಗ್ತದ. ಆದ್ರ ಸಾಮಾನು ಯಾರ ಮನಿಗಿ ಹೊಂಟಿತ್ತು, ಅವರನ್ನ ಅಲ್ಲಿ ಪೊಲೀಸರು ಎತ್ತಿಕೊಂಡು ಹೋಗ್ತಾರ. ಹೆಣ್ಣು ಗಂಡು ನೋಡೂದಿಲ್ಲ."

ಏಜಾಜ ಹೆಸರು ಯಾಕೆ ಹೇಳುತ್ತಿಲ್ಲ ಎಂದು ಸೋನಾಲಿಗೆ ಗೊತ್ತಾಗಿಹೋಯಿತು. ರಜೆಗೆ ಬಂದ ದಿನ ಏಜಾಜ ಆರತಿಯ ಕೂಸಿನ ಫೋಟೋ ತಂದು ಜನಾಬಾಯಿಗೆ ತೋರಿಸಿದ್ದ. ತೀರ ಸಣ್ಣದು ಇದೆ, ಇಲಿಮರಿ ಹಾಗೆ ಎಂದಿದ್ದ. ಒಂದು ಕಡೆ ಅವನು, ಇನ್ನೊಂದು ಕಡೆ ಆ ಕೂಸಿನ ತಾಯಿ. ನಡುವೆ ತಾನು ಬಾಯಿ ತೆರೆಯುವುದಷ್ಟೇ ಬಾಕಿ. ಹಾಗೆ ಯಾರೂ ಕೊಟ್ಟಿಲ್ಲ ಎಂದು ಇಮಾಮಬೀ ಹೇಳುತ್ತಿದ್ದಳು. ಖಾಜಾ ಮಿಯಾ ಸೋನಾಲಿಯ ಕಡೆ ನೋಡಿದ. ಸೋನಾಲಿ ಚಹಾದ ಲೋಟವನ್ನು ಕೆಳಗಿಟ್ಟಳು.

ಭಾಲ್ಕಿಯ ಬಸ್ಸಿನಲ್ಲಿ ಇಬ್ಬರೂ ಆಧಾರ್ ಕಾರ್ಡು ತೋರಿಸಿ ಟಿಕೇಟು ತಗೊಂಡರು. ಊರು ದಾಟಿ ತೊಗರಿ ಹೊಲಗಳು ಬಂದ ಮೇಲೆ ಇಮಾಮಬೀ ಬಾಯಿ ಬಿಟ್ಟಳು. ಎರಡು ದಿನದಿಂದ ಅವಳ ಎದೆಯಲ್ಲಿ ಕೊರೆಯುತ್ತಿದ್ದ ಮಾತು ಅದು.

"ಆ ಚೀಲ ನೀ ಹೊರಗ ತಗದಿ ಬೇಟಿ, ಖರೆ. ಆದ್ರ ಅದರ ಬಾಯಿ ಬಿಗದಿತ್ತೋ, ಸಡಲಿತ್ತೋ? ನಾಕು ಕಾಳು ಅರಿವಿ ಬಟ್ಟ್ಯಾಗ ಉದರಿರಬೇಕು. ನಾಕು ಕಾಳು ಇದ್ರೂ ಹಿಡೀತಾರಂತ. ನನ್ನ ಕೈಲೇ ನನ್ನ ಮಗನ್ನ ಕಳದೆನೇನು?"

ಚೀಲದ ಬಾಯಿಗೆ ದಾರ ಸುತ್ತಿ ಎರಡು ಗಂಟು ಹಾಕಿದ್ದನ್ನು ಸೋನಾಲಿ ಕಣ್ಣಾರೆ ಕಂಡಿದ್ದಳು. ಬಿಗಿಯಿತ್ತು ಎಂದರೆ ಈ ತಾಯಿಯ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಇಳಿದ ಮರುಕ್ಷಣ, ಹಾಗಾದರೆ ಗಸಗಸೆ ಎಲ್ಲಿಂದ ಬಂತು ಎಂದು ಕೇಳುತ್ತಾಳೆ.

"ಸ್ವಲ್ಪ ಸಡಲಿತ್ತು ಅನಸ್ತದ್ರಿ, ಚಾಚಿ," ಎಂದಳು ಸೋನಾಲಿ.

ಇಮಾಮಬೀ ತಲೆಯಾಡಿಸಿದಳು. ಅಳಲಿಲ್ಲ. ತನ್ನ ಬಲಗೈಯನ್ನು ತೊಡೆಯ ಮೇಲೆ ಮಗುಚಿ ಹಾಕಿ, ಬೇರೆಯವರ ಕೈಯನ್ನು ನೋಡುವಂತೆ ನೋಡುತ್ತ ಕುಳಿತಳು. ನಿನ್ನದೇನೂ ತಪ್ಪಿಲ್ಲ, ನೀನಾದರೂ ಆಗಲೇ ಹೇಳಿದ್ದೆ ಎಂದು ಇವಳಿಗೇ ಸಮಾಧಾನ ಹೇಳಿದಳು.

ಸೋನಾಲಿ ಕಿಟಕಿಯ ಹೊರಗೆ ನೋಡಿದಳು. ಶಿವಕಾಂತನಿಗೆ ಹೇಳಿದರೆ ಅವನು ತಾಯಿಯ ಮೇಲೆ ಕೂಗಾಡುತ್ತಾನೆ, ಕೂಗು ಗೋಡೆಯಾಚೆ ಕೇಳುತ್ತದೆ. ಆರತಿಗೆ ಹೇಳಿದರೆ ಅವಳ ಎದೆಯಲ್ಲಿ ಇದ್ದಷ್ಟು ಹಾಲೂ ಬತ್ತುತ್ತದೆ. ಅತ್ತೆಗೆ ಗೊತ್ತಿದೆ, ಆದರೆ ರಾತ್ರಿಯ ಸದ್ದು ಸೊಸೆಗೂ ಕೇಳಿಸಿತ್ತು ಎಂಬುದು ಅವಳಿಗೆ ಗೊತ್ತಿಲ್ಲ. ಅವಳಿಗೂ ಹೇಳಬಾರದು. ಯಾರಿಗೂ ಹೇಳಬಾರದು.

ಬಸ್ಸು ಭಾಲ್ಕಿ ಸ್ಟ್ಯಾಂಡಿಗೆ ತಿರುಗುವಾಗ ಅವಳು ಇಮಾಮಬೀಯ ತೋಳು ಹಿಡಿದು, ನಿಧಾನ ಇಳೀರಿ ಎಂದಳು.