ಬೂದಿ ಬಣ್ಣದ್ದೋ, ನೀಲಿಯದೋ

ಆ ಊರಿನಲ್ಲಿ ಕಾರು ಓಡಿಸುವವರ ಪೈಕಿ ಅರ್ಧ ಜನಕ್ಕೆ ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ತೋರಿಸಿಕೊಟ್ಟವರು ಇಬ್ಬರು ಅಕ್ಕತಂಗಿಯರು. ಅವರ ಡ್ರೈವಿಂಗ್ ಸ್ಕೂಲಿಗೆ ಬೋರ್ಡಿನ ಮೇಲೆ ಏನೋ ಒಂದು ಹೆಸರಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಅಕ್ಕ ದೊಡ್ಡ ಮೇಡಂ, ತಂಗಿ ಚಿಕ್ಕ ಮೇಡಂ, ಅಷ್ಟೇ.

ದೊಡ್ಡ ಮೇಡಂ ಎತ್ತರದ, ತೆಳ್ಳಗಿನ, ಅಳೆದು ತೂಗಿ ಮಾತಾಡುವ ಹೆಂಗಸು. ಕಲಿಯಲು ಬಂದವರು ಕನ್ನಡಿ ನೋಡದೆ ಕಾರು ತಿರುಗಿಸಿದರೆ ಅವರು ಬೈಯುತ್ತಿರಲಿಲ್ಲ. ರಸ್ತೆ ಬದಿಗೆ ನಿಲ್ಲಿಸಲು ಹೇಳಿ, ಕಿಟಕಿಯಿಂದಾಚೆ ನೋಡುತ್ತ ಸುಮ್ಮನೆ ಕೂರುತ್ತಿದ್ದರು. ಅದಕ್ಕಿಂತ ನಾಲ್ಕು ಬೈದಿದ್ದರೇ ವಾಸಿಯಿತ್ತು ಎನ್ನಿಸುತ್ತಿತ್ತು. ಚಿಕ್ಕ ಮೇಡಂ ಗುಂಡಗಿನ ನಗುಮುಖದವರು. ಅವರ ಕಾರಿನಲ್ಲಿ ಪಾಠಕ್ಕಿಂತ ಹರಟೆಯೇ ಹೆಚ್ಚು. ಆದರೂ ಇಬ್ಬರ ಶಿಷ್ಯರೂ ಒಂದೇ ಲೆಕ್ಕದಲ್ಲಿ ಪಾಸಾಗುತ್ತಿದ್ದರು. ಇದು ಹೇಗೆ ಎಂದು ದೊಡ್ಡ ಮೇಡಂಗೆ ಇವತ್ತಿಗೂ ಅರ್ಥವಾಗಿಲ್ಲ.

ಇಬ್ಬರದೂ ಪಕ್ಕದ ಸೀಟಿನ ಬದುಕು. ಕಲಿಸುವವರಿಗೆಂದೇ ಇರುವ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು, ಮೂಲೆ ಮೂಲೆಯಲ್ಲೂ ತಗ್ಗು ಬಿದ್ದ ಪುಟ್ಟ ಕಾರುಗಳಲ್ಲಿ ಆಮೆಯ ಹಾಗೆ ಊರು ಸುತ್ತಿದ್ದೇ ಸುತ್ತಿದ್ದು. ಹೀಗಾಗಿ ಸ್ಕೂಲಿಗೆ ಇಪ್ಪತ್ತೈದು ವರ್ಷ ತುಂಬಿದಾಗ ಇಬ್ಬರೂ ಸೇರಿ ಒಂದು ನಿರ್ಧಾರಕ್ಕೆ ಬಂದರು. ತಮಗಾಗಿ ಒಂದು ಕಾರು ಕೊಳ್ಳಬೇಕು. ಅದರಲ್ಲಿ ಯಾವ ಶಿಷ್ಯನೂ ಕೂರಬಾರದು. ಅದು ವೇಗವಾಗಿ ಹೋಗಬೇಕು. ಸ್ಕೂಲಿಗೆ ಅಂಟಿಕೊಂಡೇ ಇದ್ದ ಮನೆಯ ಕೆಳಗಿನ ಅಂತಸ್ತಿನಲ್ಲಿ ಅಕ್ಕ ಮತ್ತು ಆಕೆಯ ಗಂಡ, ಮೇಲಿನದರಲ್ಲಿ ತಂಗಿ. ಗ್ಯಾರೇಜು ಮಾತ್ರ ಒಂದೇ. ಆದ್ದರಿಂದ ಕಾರೂ ಒಂದೇ.

"ಸಾಮಾನು ಹೊರೋ ಕಾರಲ್ಲ ಭಾವ," ಎಂದು ಚಿಕ್ಕ ಮೇಡಂ ಅಕ್ಕನ ಗಂಡನಿಗೆ ವಿವರಿಸಿದರು. ಅವರಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿಯಿತ್ತು. "ನಾಲ್ಕು ಬಾಗಿಲು ಇರುತ್ತೆ, ಡಿಕ್ಕಿ ಇರುತ್ತೆ, ನೋಡೋಕೆ ಮರ್ಯಾದಸ್ಥರ ಕಾರೇ. ಆದ್ರೆ ಕಾಲು ಒತ್ತಿದ್ರೆ ಬೆನ್ನು ಸೀಟಿಗೆ ಅಂಟ್ಕೊಂಡುಬಿಡಬೇಕು."

"ಯಾರ ಬೆನ್ನು?" ಎಂದು ಭಾವ ಕೇಳಿದರು.

"ಒಳಗಿರೋ ಎಲ್ಲರದ್ದೂ."

ಭಾವ ತಮ್ಮ ಬೆನ್ನನ್ನೊಮ್ಮೆ ಸವರಿಕೊಂಡು ಅಂಗಡಿಗೆ ಹೊರಟರು.

ಅಂಥ ಕಾರು ಆ ಊರಿನಲ್ಲಿ ಸಿಗುತ್ತಿದ್ದದ್ದು ಎರಡೇ. ಎರಡರ ಶೋರೂಮುಗಳೂ ಒಂದೇ ರಸ್ತೆಯಲ್ಲಿ, ಹಾವು ಮುಂಗುಸಿಯ ಹಾಗೆ ಎದುರುಬದುರು. ಒಂದು ಬೂದಿ ಬಣ್ಣದ್ದು. ಮೂತಿ ಉದ್ದ, ಸ್ಟೀರಿಂಗು ಗಟ್ಟಿ, ಇಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಕ್ಕೆ. ಹುಷಾರು ತಪ್ಪಿದರೆ ಬಾಲ ಪಕ್ಕಕ್ಕೆ ಜಾರಿ ಮುಂದೆ ಬರಲು ನೋಡುತ್ತದೆ. ಇನ್ನೊಂದು ಕಡುನೀಲಿ. ಅದು ನಾಲ್ಕೂ ಚಕ್ರದಿಂದ ನೆಲ ಕಚ್ಚಿ ಹಿಡಿದು, ಸದ್ದಿಲ್ಲದೆ, ಬೂದಿಯದಕ್ಕಿಂತ ಒಂದು ಉಸಿರು ಮೊದಲೇ ಗುರಿ ಮುಟ್ಟುತ್ತದೆ.

ಶಿಸ್ತಿನ ದೊಡ್ಡ ಮೇಡಂ ನೀಲಿಯದನ್ನು, ಹುಡುಗಾಟದ ಚಿಕ್ಕ ಮೇಡಂ ಬೂದಿಯದನ್ನು ಮೆಚ್ಚುತ್ತಾರೆ ಎಂದು ಊರೇ ಅಂದುಕೊಂಡಿತ್ತು. ಆದದ್ದು ತಿರುಗುಮುರುಗು. ಬೂದಿಯ ಕಾರಿನ ಟೆಸ್ಟ್ ಡ್ರೈವಿನಿಂದ ಮರಳಿದ ದೊಡ್ಡ ಮೇಡಂ ಇಂಜಿನ್ ಆರಿಸಿದ ಮೇಲೂ ಕೆಳಗಿಳಿಯಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು ಕೂತೇ ಇದ್ದರು. ತಂಗಿ ಬಾಗಿಲು ತೆಗೆದು ಇಣುಕಿದರೆ ಅಕ್ಕನ ಕೆನ್ನೆ ಕೆಂಪಗಾಗಿತ್ತು.

"ಇದು ಮಾತಾಡುತ್ತೆ ಕಣೇ," ಎಂದರು ದೊಡ್ಡ ಮೇಡಂ.

"ಅದಕ್ಕೇ ಬೇಡ. ನಮ್ಮನೇಲಿ ಮಾತಾಡೋಕೆ ನಾನಿಲ್ವಾ? ನೀಲಿಯದರಲ್ಲಿ ಕೂತರೆ ಎಷ್ಟು ನಿರಾಳ ಗೊತ್ತಾ? ಮಳೇಲಿ ಐಸ್‌ಕ್ರೀಂ ತಿನ್ನುತ್ತಾ ತಿರುವು ದಾಟಬಹುದು."

"ತಿರುವಿನಲ್ಲಿ ಐಸ್‌ಕ್ರೀಂ ತಿನ್ನೋರಿಗೆ ಲೈಸೆನ್ಸೇ ಕೊಡಬಾರದು."

ಅಲ್ಲಿಂದ ಶುರುವಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಬೆಳಗಿನ ತಿಂಡಿಗೆ ಟೈರು, ರಾತ್ರಿಯ ಊಟಕ್ಕೆ ಗೇರ್‌ಬಾಕ್ಸು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಬ್ಬರೂ ಪಟ್ಟು ಹಿಡಿದರು. ಪಾಪ, ಕಲಿಯುವವರಿಗೂ ಇದರ ಬಿಸಿ ತಟ್ಟಿತು. ದೊಡ್ಡ ಮೇಡಂ ಸಿಗ್ನಲ್ಲಿನಲ್ಲಿ ಬೂದಿ ಬಣ್ಣದ್ದೇನಾದರೂ ಕಂಡರೆ ಪಾಠ ಮರೆಯುತ್ತಿದ್ದರು. ಚಿಕ್ಕ ಮೇಡಂ ಶಿಷ್ಯರ ಓಟು ಕೇಳುತ್ತಿದ್ದರು. ಕಡೆಗೆ ಇಬ್ಬರೂ ಕನ್ನಡಕದಂಗಡಿಯವರನ್ನು ಎರಡು ಕಾರಿನ ಹಿಂದಿನ ಸೀಟಿನಲ್ಲೂ ಕೂರಿಸಿ ಒಂದೊಂದು ಸುತ್ತು ಹಾಕಿಸಿ, ತೀರ್ಪು ಹೇಳಿ ಎಂದರು.

"ಒಂದರಲ್ಲಿ ಭಯ ಬೇಗ ಆಯ್ತು," ಎಂದರು ಅವರು. "ಇನ್ನೊಂದರಲ್ಲಿ ನಿಧಾನವಾಗಿ ಆಯ್ತು."

"ಅಡ್ಡಗೋಡೆ ಮೇಲೆ ದೀಪ ಇಡಬೇಡಿ," ಎಂದು ಹೆಂಡತಿ ಗದರಿಸಿದರು.

"ಮೂವತ್ತು ವರ್ಷದಿಂದ ಈ ಮನೇಲಿದ್ದೀನಿ. ದೀಪ ಎಲ್ಲಿಡಬೇಕು ಅಂತ ನಂಗೊತ್ತು."

ಆಗ ದೊಡ್ಡ ಮೇಡಂಗೆ ಒಂದು ದಾರಿ ಹೊಳೆಯಿತು. ಇಷ್ಟು ವರ್ಷ ಜನರನ್ನು ಯಾವ ಪರೀಕ್ಷೆಗೆ ಒಡ್ಡಿದ್ದರೋ ಅದೇ ಪರೀಕ್ಷೆಯನ್ನು ಕಾರುಗಳಿಗೂ ಇಟ್ಟುಬಿಡುವುದು. ರಿವರ್ಸಿನಲ್ಲಿ ಪಾರ್ಕಿಂಗು, ದಿಬ್ಬದ ಮೇಲೆ ನಿಲ್ಲಿಸಿ ಹೊರಡುವುದು, ಕೋನುಗಳ ನಡುವೆ ಎಂಟರ ಆಕಾರ ಹಾಕುವುದು. ಕೋನು ಬೀಳಿಸಿದ ಕಾರು ಫೇಲು. ಅವರವರು ಮೆಚ್ಚಿದ ಕಾರನ್ನು ಅವರವರೇ ಓಡಿಸುವುದು. ತಂಗಿ ಕೂಡಲೇ ಒಪ್ಪಿದರು. ಗೆಲ್ಲುವ ನಂಬಿಕೆ ಇಬ್ಬರಿಗೂ ಇತ್ತು.

ಭಾನುವಾರ ಬೆಳಿಗ್ಗೆ ಸ್ಕೂಲಿನ ಹಿಂದಿನ ಅಂಗಳಕ್ಕೆ ಎರಡೂ ಕಾರು ಬಂದವು. ತಂದುಬಿಟ್ಟ ಸೇಲ್ಸಿನವರಿಬ್ಬರೂ ಒಂದು ಕಾಲಕ್ಕೆ ಅದೇ ಅಂಗಳದಲ್ಲಿ ಬೆವರು ಸುರಿಸಿದವರು. ಅವರು ಗೋಡೆಗೆ ಒರಗಿ, ಮಜಾ ನೋಡಲು ಸಜ್ಜಾಗಿ ನಿಂತರು. ತೀರ್ಪುಗಾರರು ಕನ್ನಡಕದಂಗಡಿಯವರೇ. ಕೊರಳಲ್ಲೊಂದು ಸೀಟಿ.

ಚಿಕ್ಕ ಮೇಡಂ ಏನೋ ಗುನುಗಿಕೊಂಡು ನೀಲಿಯದನ್ನು ಮೂರೂ ಪರೀಕ್ಷೆ ದಾಟಿಸಿದರು. ಕೋನುಗಳು ಕದಲಲಿಲ್ಲ. ದೊಡ್ಡ ಮೇಡಂ ಬೂದಿಯದನ್ನು ರಿವರ್ಸಿನಲ್ಲಿ ಗೆರೆ ಎಳೆದ ಹಾಗೆ ನಿಲ್ಲಿಸಿದರು. ದಿಬ್ಬದಲ್ಲಿ ಒಂದಂಗುಲವೂ ಹಿಂದೆ ಜಾರಲಿಲ್ಲ. ಎಂಟರ ಮೊದಲ ಸುತ್ತೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಯಿತು. ಎರಡನೆಯ ಸುತ್ತಿನಲ್ಲಿ ಇಂಜಿನ್ ಒಂದು ಇಂಪಾದ ಸ್ವರಕ್ಕೆ ಬಂತು. ಅದು ಇನ್ನೂ ಸ್ವಲ್ಪ ಕೇಳಲಿ ಎಂದು ದೊಡ್ಡ ಮೇಡಂನ ಕಾಲು ಬೇಕಿದ್ದಕ್ಕಿಂತ ಒಂದು ಗುಂಜಿ ಹೆಚ್ಚು ಒತ್ತಿತು. ಬಾಲ ಜಾರಿತು. ಕಡೆಯ ಕೋನು ಮಗ್ಗುಲಾಯಿತು.

ಕನ್ನಡಕದಂಗಡಿಯವರು ಸೀಟಿಯನ್ನು ಬಾಯಿಗಿಟ್ಟುಕೊಂಡರು, ಊದಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದರು.

ಕಿಟಕಿಯ ಗಾಜು ಇಳಿಯಿತು. "ಬಿತ್ತಾ?"

"ಗಾಳಿಗೆ ಬಿದ್ದಿರಬಹುದು," ಎಂದರು ಗಂಡ.

"ಗಾಳಿ ಎಲ್ಲಿದೆ?"

"ಅಕ್ಕ, ಇನ್ನೊಂದ್ಸಲ ಹಾಕು," ಎಂದರು ಚಿಕ್ಕ ಮೇಡಂ. ಗೆದ್ದ ಖುಷಿ ಅವರ ಮುಖದಲ್ಲಿ ನಿಲ್ಲಲಿಲ್ಲ. "ಹೊಸ ಕಾರು, ಕೈಗೆ ಒಗ್ಗಿಲ್ಲ. ಪರವಾಗಿಲ್ಲ."

"ಕೈಗೆ ಒಗ್ಗಿಲ್ಲ ಅಂದೋರಿಗೆ ನಾನು ಯಾವತ್ತಾದ್ರೂ ಇನ್ನೊಂದ್ಸಲ ಕೊಟ್ಟಿದ್ದೀನಾ?"

ಗೋಡೆಗೆ ಒರಗಿದ್ದ ಇಬ್ಬರೂ ಒಟ್ಟಿಗೇ ಇಲ್ಲವೆಂದು ತಲೆಯಾಡಿಸಿದರು. ಒಬ್ಬನಂತೂ ಅಲ್ಲಿ ಮೂರು ಸಲ ಫೇಲಾದವನು.

"ಹಾಗಾದ್ರೆ ಊದ್ರಿ," ಎಂದರು ದೊಡ್ಡ ಮೇಡಂ ಗಂಡನಿಗೆ.

ಅವರು ಊದಿದರು. ತೀರ ಮೆತ್ತಗೆ.

ನೀಲಿ ಕಾರು ಮನೆಗೆ ಬಂತು. ಚಿಕ್ಕ ಮೇಡಂಗೆ ಅದು ಮೊದಲ ದಿನದಿಂದಲೇ ಹಳೆಯ ಗೆಳತಿಯಾಯಿತು. ದೊಡ್ಡ ಮೇಡಂಗೂ ಅದಕ್ಕೂ ಹೊಸಿಲಲ್ಲೇ ಜಗಳ ಹತ್ತಿತು. ಕಾರಣ, ನೀಲಿ ಕಾರು ಕಲಿಸುವ ಸ್ವಭಾವದ್ದು. ಗೆರೆ ತುಳಿದರೆ ಸ್ಟೀರಿಂಗು ನಡುಗಿಸಿ ಎಚ್ಚರಿಸುತ್ತಿತ್ತು. ಮುಂದಿನ ಗಾಡಿಗೆ ಹತ್ತಿರವಾದರೆ ಕುಯ್ಯೆನ್ನುತ್ತಿತ್ತು. ಒಂದು ದಿನ ಗಾಳಿಗೆ ಹಾರಿ ಬಂದ ರಟ್ಟಿನ ಡಬ್ಬಿಯೊಂದನ್ನು ಕಂಡು, ಕೇಳದೆ ಹೇಳದೆ ತಾನೇ ಬ್ರೇಕು ಹಾಕಿಬಿಟ್ಟಿತು.

"ನನ್ನ ಕಾರಿಗೆ ಬ್ರೇಕ್ ಹಾಕೋಳು ನಾನು," ಎಂದು ದೊಡ್ಡ ಮೇಡಂ ಡ್ಯಾಶ್‌ಬೋರ್ಡಿಗೆ ಹೇಳಿದರು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಚಹಾ ಕಪ್ಪಿನ ಚಿತ್ರ ಮೂಡಿತು. ಚಾಲಕರು ದಣಿದಿದ್ದಾರೆ, ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಅದರ ಅರ್ಥ.

ಪಕ್ಕದಲ್ಲಿದ್ದ ಚಿಕ್ಕ ಮೇಡಂಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ನಿನ್ನ ಪಕ್ಕ ಕೂತೋರ ಗತಿ ಏನಾಗಿತ್ತು ಅಂತ ಈಗ ಗೊತ್ತಾಯ್ತಾ ಅಕ್ಕ?"

"ಈ ಕೂಗಾಟ ನಿಲ್ಲಿಸೋ ಗುಂಡಿ ಎಲ್ಲೋ ಇರಬೇಕು."

"ಇದೆ. ಆದ್ರೆ ಅರ್ಧ ಕಾರು ನನ್ನದು. ನನ್ನ ಅರ್ಧ ಕೂಗ್ತಾ ಇರಲಿ."

ಆ ವಾರ ದೊಡ್ಡ ಮೇಡಂ ಬಳಿ ಪಾಠಕ್ಕೆ ಬಂದ ಬ್ಯಾಂಕಿನ ಗುಮಾಸ್ತೆಯೊಬ್ಬಳು ತಿರುವಿಗೆ ಜೋರಾಗಿ ನುಗ್ಗಿದಾಗ, ಪಕ್ಕದ ಬ್ರೇಕು ಎಂದಿನಂತೆ ಬೀಳಲಿಲ್ಲ. "ನೋಡ್ಕೊಳ್ಳಿ," ಎಂಬ ಒಂದು ಮಾತಷ್ಟೇ ಬಂತು. ಗುಮಾಸ್ತೆ ತಾನೇ ನೋಡಿಕೊಂಡಳು. ಇಳಿಯುವಾಗ ಅವಳು ಮೇಡಂಗೆ ಮೈ ಹುಷಾರಿಲ್ಲವೇನೋ ಎಂದು ವಿಚಾರಿಸಿದಳು.

ಇತ್ತ ಬೂದಿಯ ಕಾರನ್ನು ಊರಿನ ಪಶುವೈದ್ಯರು ಕೊಂಡರು. ಅವರು ದಿನಾ ಬೆಳಿಗ್ಗೆ ಸ್ಕೂಲಿನ ಮುಂದೆಯೇ ಹಾದು ಆಸ್ಪತ್ರೆಗೆ ಹೋಗುತ್ತಿದ್ದರು. ದೂರದಿಂದಲೇ ಅದರ ಸದ್ದು ಕೇಳಿಸುತ್ತಿತ್ತು. ಕರಿಹಲಗೆಯ ಮೇಲೆ ರಸ್ತೆಯ ಚಿಹ್ನೆ ಬರೆಯುತ್ತಿದ್ದ ದೊಡ್ಡ ಮೇಡಂನ ಸೀಮೆಸುಣ್ಣ ಆ ಸದ್ದು ಮರೆಯಾಗುವವರೆಗೂ ಗಾಳಿಯಲ್ಲೇ ನಿಂತಿರುತ್ತಿತ್ತು. ಹಲಗೆಯ ಮೇಲೆ 'ತಿರುವು ಇದೆ' ಎಂಬ ಬಾಣದ ಗುರುತು ಅರ್ಧಕ್ಕೇ ನಿಂತಿರುತ್ತಿತ್ತು.

ಮೊದಲ ಮಳೆ ಬಿದ್ದ ವಾರ ಪಶುವೈದ್ಯರು ಸ್ಕೂಲಿಗೇ ಬಂದರು. ಅವರಿಗೆ ಹಿಂದೊಮ್ಮೆ ಕಾರು ಕಲಿಸಿದ್ದೂ ದೊಡ್ಡ ಮೇಡಂ ಅವರೇ.

"ಮತ್ತೆ ಪಾಠ ಬೇಕು ಮೇಡಂ," ಎಂದರು ಅವರು, ಕುರ್ಚಿಯ ತುದಿಯಲ್ಲಿ ಕೂತು. "ನಿನ್ನೆ ಸರ್ಕಲ್ಲಿನಲ್ಲಿ ಕಾರು ತಾನಾಗಿ ಹಿಂದುಮುಂದಾಗಿ ನಿಂತ್ಕೊಳ್ತು. ಹಿಂದೆ ಬರ್ತಿದ್ದ ಬಸ್ಸಿನವನೂ ನಾನೂ ಮುಖಾಮುಖಿ. ಅವನು ನಮಸ್ಕಾರ ಅಂದ. ಕುದುರೆಯಾದ್ರೆ ಒದೆಯೋಕೆ ಮುಂಚೆ ಕಿವಿ ಹಿಂದಕ್ಕೆ ಮಾಡುತ್ತೆ. ಇದು ಏನೂ ಸುಳಿವೇ ಕೊಡಲ್ಲ."

"ಕೊಡುತ್ತೆ," ಎಂದರು ದೊಡ್ಡ ಮೇಡಂ. "ನಿಮಗೆ ಕೇಳಿಸಿಲ್ಲ. ಕೀ ಕೊಡಿ."

ಅಂಗಳಕ್ಕೆ ಪೈಪಿನಿಂದ ನೀರು ಹಾಯಿಸಿ ಜಾರುವ ನೆಲ ಮಾಡಿದರು. ವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತೋರಿಸಿಕೊಡುವ ನೆಪದಲ್ಲಿ, ತಾವೇ ಸ್ಟೀರಿಂಗು ಹಿಡಿದರು. ಬಾಲ ಜಾರಿತು, ಜಾರಿದ ಕಡೆಗೇ ಸ್ಟೀರಿಂಗು ತಿರುಗಿಸಿ ಹಿಡಿದು ತಂದರು. ಇನ್ನೊಮ್ಮೆ ಜಾರಿಸಿದರು, ಮತ್ತೆ ಹಿಡಿದರು. "ಸೀಟಿನ ಕೆಳಗೆ ಹಗುರ ಆಯ್ತಲ್ಲ, ಅದೇ ಕಿವಿ ಹಿಂದೆ ಮಾಡೋದು," ಎಂದು ವಿವರಿಸಿದರು. ವೈದ್ಯರಿಗೆ ಮೊದಲ ಸುತ್ತಿಗೇ ಅರ್ಥವಾಗಿತ್ತು. ಮೇಡಂ ಏಳನೆಯದರವರೆಗೂ ತೋರಿಸಿದರು. ಮಹಡಿಯ ಕಿಟಕಿಯಿಂದ ಚಿಕ್ಕ ಮೇಡಂ ಎಲ್ಲವನ್ನೂ ನೋಡಿದರು.

ವಾರಕ್ಕೆರಡು ಪಾಠ ನಡೆದವು. ವೈದ್ಯರ ಕೈ ಮೊದಲೇ ಮೃದು, ಬೆದರಿದ ಪ್ರಾಣಿಗಳನ್ನು ಹಿಡಿದು ಪಳಗಿದ್ದು. ಬಹಳ ಬೇಗ ಅವರು ಅಂಗಳದ ನೀರಿನಲ್ಲೂ, ಊರಾಚೆಯ ಜಲಾಶಯಕ್ಕೆ ಹತ್ತುವ ರಸ್ತೆಯ ತಿರುವುಗಳಲ್ಲೂ ಸಲೀಸಾಗಿ ಓಡಿಸತೊಡಗಿದರು. ಆದರೂ ಪ್ರತಿ ಪಾಠದ ಕೊನೆಗೆ ದೊಡ್ಡ ಮೇಡಂ ತುಟಿ ಓರೆ ಮಾಡಿ, "ಕೈ ಸರಿಯಾಗಿದೆ. ಮನಸ್ಸು ಇನ್ನೂ ಗಟ್ಟಿಯಾಗಬೇಕು. ಇನ್ನೊಂದು ಸ್ವಲ್ಪ ದಿನ," ಎನ್ನುತ್ತಿದ್ದರು. ತೋರಿಸಿಕೊಡುವುದಂತೂ ನಿಲ್ಲಲೇ ಇಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ಅಕ್ಕ ಕ್ಯಾರೆಟ್ ಹೆರೆಯುತ್ತಿದ್ದಾಗ ತಂಗಿ ಬಂದು ಎದುರು ಕೂತರು.

"ಮನಸ್ಸು ಗಟ್ಟಿ ಇರಬೇಕು ಅನ್ನೋದು ಯಾವ ಪರೀಕ್ಷೇಲಿ ಬರುತ್ತೆ ಅಕ್ಕ?"

ಅಕ್ಕ ತಲೆಯೆತ್ತದೆ ಹೆರೆಯುತ್ತಲೇ ಇದ್ದರು.

"ಅವರು ನಿನಗಿಂತ ಚೆನ್ನಾಗಿ ಓಡಿಸ್ತಾರೆ ಈಗ," ಎಂದರು ಚಿಕ್ಕ ಮೇಡಂ. ದನಿಯಲ್ಲಿ ಕೊಂಕಿರಲಿಲ್ಲ.

"ನನಗಿಂತ ಏನಿಲ್ಲ," ಎಂದರು ದೊಡ್ಡ ಮೇಡಂ. ಸ್ವಲ್ಪ ಹೊತ್ತಿನ ಮೇಲೆ, "ನನ್ನಷ್ಟೇ ಅನ್ನು," ಎಂದು ಸೇರಿಸಿದರು. ಕೈಯಲ್ಲಿದ್ದ ಕ್ಯಾರೆಟ್ ಆ ಹೊತ್ತಿಗೆ ಪೆನ್ಸಿಲಿನಷ್ಟಾಗಿತ್ತು.

ಮುಂದಿನ ಪಾಠದಲ್ಲಿ ಅವರು ಕೀ ಕೇಳಲಿಲ್ಲ. ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತು ಜಲಾಶಯದ ರಸ್ತೆಯುದ್ದಕ್ಕೂ ವೈದ್ಯರೇ ಓಡಿಸಲು ಬಿಟ್ಟರು. ಅಂಗಳಕ್ಕೆ ಮರಳಿದ ಮೇಲೆ, "ನೀವು ಪಾಸು. ಹೋದ ತಿಂಗಳೇ ಪಾಸಾಗಿದ್ರಿ. ನಾನು ಹೇಳಿರಲಿಲ್ಲ," ಎಂದರು.

ವೈದ್ಯರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ಆಗಾಗ ಬಂದು ನೀವೂ ಓಡಿಸಿ ಮೇಡಂ. ಕಾರಿಗೂ ಸಂತೋಷ."

"ಬೇಡ. ಎರಡು ಕೈ ಬಿದ್ದರೆ ಅದಕ್ಕೆ ಗೊಂದಲ."

ಕಾರು ಗೇಟು ದಾಟಿತು. ಮೂಲೆಯಲ್ಲಿ ಬಾಲ ತುಸು ಜಾರಿಸಿ, ಹಿಡಿದು, ಅಂದವಾಗಿ ತಿರುಗಿ ಹೋಯಿತು. ಚಿಕ್ಕ ಮೇಡಂ ಮೆಟ್ಟಿಲಿಳಿದು ಬಂದು ಅಕ್ಕನ ಪಕ್ಕ ನಿಂತರು.

"ನಮ್ಮದನ್ನ ಮಾರಿ ಅಂಥದ್ದೇ ಒಂದು ತರೋಣ್ವಾ? ನಿಜವಾಗ್ಲೂ ಕೇಳ್ತಿದ್ದೀನಿ. ನಂಗೆ ಒಳಗೊಳಗೇ ಒಂಥರಾ ಆಗ್ತಿದೆ."

ದೊಡ್ಡ ಮೇಡಂ ಯೋಚಿಸಿಯೇ ಉತ್ತರ ಕೊಟ್ಟರು. "ಅದು ನಮ್ಮದಕ್ಕಿಂತ ಒಳ್ಳೇ ಕಾರು. ನಂಗಂತೂ ಒಳ್ಳೇದು. ಹಾಗಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಪರೀಕ್ಷೆ ಮಾಡಿ ತಂದಿದ್ದು ಇದನ್ನ. ಪರೀಕ್ಷೆಯೇ ತಪ್ಪು ಅಂತ ಆಮೇಲೆ ಗೊತ್ತಾದ್ರೆ ಏನು ಮಾಡೋಕಾಗುತ್ತೆ? ಇಪ್ಪತ್ತೈದು ವರ್ಷದ ಲೈಸೆನ್ಸೆಲ್ಲ ವಾಪಸ್ ತಗೊಳ್ಳೋಕಾಗುತ್ತಾ? ನಡಿ, ಈ ಭಾನುವಾರ ನಮ್ಮದನ್ನೇ ಈಚೆ ತೆಗೆಯೋಣ."

ಆ ಭಾನುವಾರ ಸುರಿಯುವ ಮಳೆಯಲ್ಲೇ ಇಬ್ಬರೂ ಜಲಾಶಯದ ಏರಿಗೆ ಹೊರಟರು. ಓಡಿಸುತ್ತಿದ್ದವರು ದೊಡ್ಡ ಮೇಡಂ. ಇಷ್ಟು ದಿನ ನೀಲಿ ಕಾರನ್ನು ಅವರು ಬೂದಿಯದರ ಹಾಗೆ ಓಡಿಸಲು ನೋಡಿ ಸೋತಿದ್ದರು. ಅಂದು, ಹೋಗಲಿ ಇದರ ಬಗೆ ಏನು ನೋಡೋಣ ಎಂದು, ಏರಿನ ದೊಡ್ಡ ತಿರುವಿನಲ್ಲಿ, ಬೂದಿಯದರಲ್ಲಾದರೆ ಕಾಲು ಎತ್ತಬೇಕಾದ ಜಾಗದಲ್ಲಿ, ಒತ್ತಿದರು. ನಾಲ್ಕು ಚಕ್ರಗಳೂ ಒದ್ದೆ ರಸ್ತೆಯನ್ನು ಉಗುರೂರಿ ಹಿಡಿದವು. ಕಾರು ತಿರುವಿನಿಂದ ಹಗ್ಗ ಕಟ್ಟಿ ಎಳೆದಂತೆ ಮೇಲಕ್ಕೆ ಹೋಯಿತು. ಇಬ್ಬರ ಬೆನ್ನೂ ಸೀಟಿಗಂಟಿತು. ಸದ್ದೇ ಇಲ್ಲ, ಮಳೆಯದ್ದು ಬಿಟ್ಟರೆ.

"ಓ," ಎಂದರು ದೊಡ್ಡ ಮೇಡಂ.

ಹೇಳಬೇಕಾದದ್ದನ್ನೆಲ್ಲ ತಂಗಿ ತಿಂಗಳುಗಳಿಂದ ಹೇಳಿಯಾಗಿತ್ತು.

ಮೇಲೆ, ಜಲಾಶಯದ ಕಟ್ಟೆಯ ಬಳಿ ಕಾರು ನಿಲ್ಲಿಸಿ, ಗಾಜಿನ ಮೇಲೆ ಮಳೆ ಹರಿಯುವುದನ್ನು ನೋಡುತ್ತ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು. ಇಳಿಜಾರನ್ನು ಯಾರು ಓಡಿಸಬೇಕು ಎಂದು ಅಲ್ಲೇ ಮಾತಿಗೆ ಮಾತು ಬೆಳೆಯಿತು. ಹತ್ತುವಾಗ ನೀನು, ಇಳಿಯುವಾಗ ನಾನು ಎಂದರು ತಂಗಿ. ಹತ್ತಿದವರಿಗೇ ಇಳಿಯುವ ದಾರಿ ಗೊತ್ತು ಎಂದರು ಅಕ್ಕ. ಚಹಾ ಆರಿತು, ಮಳೆ ನಿಂತಿತು, ಕೀ ಮಾತ್ರ ಇಬ್ಬರ ನಡುವೆ ಹಾಗೇ ಬಿದ್ದಿತ್ತು.