ತಟ್ಟಿದರ ಹತ್ತೋ ದೀಪ

ನನ್ನ ಮುಂದ ಯಾರೂ ಮೋಟಾರಿನ ಬೆನ್ನು ತಟ್ಟಬಾರದು. ತಟ್ಟಿದ್ರ ಬೈತೀನಿ, ದೊಡ್ಡವರು ಸಣ್ಣವರು ನೋಡೂದಿಲ್ಲ. ಪುಣೆದಾಗ ಇಪ್ಪತ್ತು ವರ್ಷದಿಂದ ಮೋಟಾರಿನ ವಾಯರಿಂಗ್ ಮಾಡಿಕೋತ ಬಂದೀನಿ. ಹೊಳಬಸಪ್ಪ ಅಂದ್ರ ಶುಕ್ರವಾರ ಪೇಟೆಯ ಗ್ಯಾರೇಜಿನವರಿಗೆಲ್ಲಾ ಗೊತ್ತು, ಕೆಲಸ ಚೊಕ್ಕ, ಬಾಯಿ ಹೊಲಸು ಅಂತ. ದೆವ್ವ ಪಿಶಾಚಿ ನಂಬೋ ಪೈಕಿ ನಾನಲ್ಲ. ಕರಂಟಿಗೆ ಹೋಗೋ ದಾರಿ ಒಂದು, ವಾಪಸ್ ಬರೋ ದಾರಿ ಒಂದು. ಎರಡೂ ಇದ್ರ ದೀಪ ಹತ್ತತದ, ಒಂದು ಕಡದರ ಆರತದ. ನನಗ ಗೊತ್ತಿದ್ದ ಶಾಸ್ತ್ರ ಇಷ್ಟ. ನಲವತ್ತೆರಡನೇ ಇಸವಿಯ ಮಳಿಗಾಲದಾಗ ಈ ಶಾಸ್ತ್ರಕ್ಕ ಸಿಗಲಾರದ್ದು ಒಂದು ಆತು. ಹೇಳತೀನಿ, ನಗಬ್ಯಾಡ್ರಿ.

ಜೇಜುರಿಗೆ ಮಂದೀನ್ನ ಒಯ್ಯೋ ಸರ್ವಿಸ್ ಮೋಟಾರು ಒಂದಿತ್ತು. ಡ್ರೈವರ್ ಸಿದ್ರಾಮಪ್ಪ, ಕ್ಲೀನರ್ ರಾಘಣ್ಣ, ಇಬ್ಬರೂ ನಮ್ಮ ಗದಗಿನ ಕಡೆಯವರು. ನಾವು ಮೂವರು ಕೂಡಿದ್ವಿ ಅಂದ್ರ ಪುಣೆ ಮರತ ಹೋಗತಿತ್ತು. ರಾಘಣ್ಣ ನಲವತ್ತು ದಾಟಿದ ಮನಷ್ಯಾ, ಕೈ ಮಾತ್ರ ಸಲಿಕಿಯಂಗ ಅಗಲ. ಗಾಡಿ ಹಿಂದ ತಗೋಬೇಕಾದ್ರ ಅಂವಾ ಹಿಂದ ನಿಂತು ತಗಡಿನ ಮ್ಯಾಲೆ ಅಂಗೈಲೆ ಬಡೀತಿದ್ದ. ಎರಡೆರಡು ಏಟು ಅಂದ್ರ ಬರಲಿ, ಬರಲಿ. ಒಂದೇ ಏಟು ಅಂದ್ರ ನಿಲ್ಲು. ಸಿದ್ರಾಮಪ್ಪ ಹಿಂದ ತಿರಗಿ ಸುದ್ದಾ ನೋಡತಿದ್ದಿಲ್ಲ, ಆ ಕೈ ಮ್ಯಾಲೆ ಅವಗ ಅಷ್ಟು ನಂಬಿಗಿ.

ಗಾಡಿ ಮಾಲಕ ಮುಂಬೈಯೊಳಗ ಯಾರದೋ ಕಾರು ನೋಡಿ ಬಂದ. ನಮ್ಮ ಗಾಡಿಗೂ ಹಿಂದ ಒಂದು ಬಿಳಿ ದೀಪ ಬೇಕು, ರಿವರ್ಸ್ ಹಾಕಿದ್ರ ತಾನ ಹತ್ತಬೇಕು ಅಂತ ಹಟ ಹಿಡದ. ಕೆಂಪು ದೀಪ ಕೂಡಿಸಿದ್ದ ಕಬ್ಬಿಣದ ಪಟ್ಟಿ ಮ್ಯಾಲೆನ ಅದನ್ನೂ ಕೂಡಿಸಿ ಕೊಟ್ಟೆ. "ನನ್ನ ಕೈಗೆ ಪಿಂಚಣಿ ಕೊಟ್ಟೆಲ್ಲೋ ಬಸಣ್ಣ," ಅಂತ ರಾಘಣ್ಣ ಚಾಷ್ಟಿ ಮಾಡಿದ. ಮುಂದ ಯುದ್ಧ ಜೋರಾತು, ಮ್ಯಾಲಿನ ವಿಮಾನಕ್ಕ ಬೆಳಕು ಕಾಣಬಾರದು ಅಂತ ಸರಕಾರದ ಹುಕುಂ ಬಂತು. ಹಿಂದ ಬಿಳಿ ದೀಪ ಕಂಡ್ರ ಪೊಲೀಸರು ಹಿಡೀತಾರ, ಕಿತ್ತು ಹಾಕು, ಕೆಂಪು ಒಂದ ಇರಲಿ, ಅದಿಲ್ಲದ ಗಾಡಿ ರಸ್ತಾಕ್ಕ ಇಳಿಯೂ ಹಂಗಿಲ್ಲ ಅಂತ ಅದೇ ಮಾಲಕ ಬಂದು ಕೂತ.

ಇಲ್ಲೆ ನಾನು ತಪ್ಪಿದೆ. ಆ ಗಾಡಿಯ ಮೈ ಪೂರಾ ಕಟ್ಟಿಗಿದು, ಮ್ಯಾಲೆ ತಗಡು ಹೊಡದದ್ದು. ಕಟ್ಟಿಗಿಯೊಳಗ ಕರಂಟು ವಾಪಸ್ ಬರೂದಿಲ್ಲ. ಅದಕ್ಕ ದೀಪದಿಂದ ಕೆಳಗಿನ ಕಬ್ಬಿಣದ ಚೌಕಟ್ಟಿನ ತನಕ ಒಂದು ಕರೀ ವಾಯರು ಎಳೀಬೇಕು. ಬಿಳಿ ದೀಪ ಕೂಡಿಸುವಾಗ ಎರಡಕ್ಕೂ ಒಂದೇ ಕರೀ ವಾಯರು ಮಾಡಿದ್ದೆ. ಬಿಳೀದು ಕೀಳೂ ದಿವಸ ಅವಸರದಾಗ ಅದನ್ನೂ ಕಿತ್ತೆ, ಕೆಂಪೂ ಆರಿತು. ಹೊಸ ವಾಯರು ಎಳೀಬೇಕಂದ್ರ ಗಾಡಿ ಕೆಳಗ ಮಲಗಬೇಕು, ಕೆಳಗ ನೋಡಿದ್ರ ರಾಡಿ. ಪಟ್ಟಿಯ ಬೋಲ್ಟು ತಗಡಿಗೆ ತಾಗೋ ಹಂಗ ಬಿಗಿದೆ. ತಗಡು ಎಲ್ಲೋ ಒಂದು ಕಡೆ ಚೌಕಟ್ಟಿಗೆ ತಾಗಿತ್ತು, ದೀಪ ಹತ್ತಿತು. ಸಾಕು ಬಿಡು ಅಂದೆ.

ಹದಿನೈದು ದಿನಕ್ಕ ರಾಘಣ್ಣ ಬಂದ. "ಬಸಣ್ಣ, ಮಳಿಯೊಳಗ ಕೆಂಪು ದೀಪ ಆರಲಿಕ್ಕೆ ಹತ್ತೇದ. ಬಾಜೂಕಿನ ತಗಡಿಗೆ ಎರಡು ತಟ್ಟಿದ್ರ ಹತ್ತತದ. ಒಂಚೂರು ನೋಡಪಾ."

ನಾನು ಬ್ಯಾರೇ ಗಾಡಿಯೊಳಗ ತಲಿ ಹಾಕಿದ್ದೆ, ಸಿಟ್ಟು ಬಂತು. "ತಟ್ಟಿದರ ಹತ್ತತದಲ್ಲ, ತಟ್ಟು ಹಂಗಾರ. ಮುಂದಿನ ವಾರ ನೋಡೂಣು," ಅಂದೆ.

"ಆತು ಬಿಡು, ನಾನ ತಟ್ಟತೀನಿ. ಸಿದ್ರಾಮಪ್ಪಗ ಇದನ್ನ ಹೇಳಬ್ಯಾಡ, ಸುಮ್ಮನ ಕಾಳಜಿ ಮಾಡತಾನ," ಅಂತ ಹೇಳಿ ನಕ್ಕೋತ ಹೋದ.

ಮುಂದಿನ ವಾರ ಅಂವಾ ಇರಲಿಲ್ಲ. ಮುಂಜಾನೆ ಏಳರ ಸುಮಾರಿಗೆ ಜೇಜುರಿ ದಾರಿಯ ದಿವೆ ಘಾಟಿನ ಏರಿನಾಗ ಗಾಡಿಯ ನೀರು ಕುದ್ದು ನಿಂತಿತಂತ. ಸುತ್ತಲೂ ಮಂಜು, ಹತ್ತು ಮಾರಿನಾಚೆ ಏನೂ ಕಾಣವಲ್ದು. ಸಿದ್ರಾಮಪ್ಪ ಎಂಜಿನ್ ಬಂದ್ ಮಾಡಿ ಮುಂದ ನೀರು ಹಾಕಲಿಕ್ಕೆ ಇಳದ, ರಾಘಣ್ಣ ಹಿಂದ ಹೋದ. ಕೆಳಗಿಂದ ಬಂದ ಲಾರಿಯಂವಾ ಕಡೀ ಗಳಿಗಿಗೆ ಗಾಡಿ ಕಂಡು ತಿರುವಿದ, ರಾಘಣ್ಣನ್ನ ಎತ್ತಿ ಒಗದು ನಮ್ಮ ಗಾಡಿಯ ಮೂಲಿ ಉಜ್ಜಿ ನಿಂತ. ರಾಘಣ್ಣ ಅಲ್ಲೇ ಹೋದ. ಕೆಂಪು ದೀಪದ ಗಾಜು ಸುದ್ದಾ ಒಡೀಲಿಲ್ಲ.

ಹಿಂದ ದೀಪ ಇರಲೇ ಇಲ್ಲ ಅಂತ ಲಾರಿಯಂವಾ ಹೇಳಿಕಿ ಕೊಟ್ಟ. ನಾ ಹಚ್ಚಿದ್ದೆ ಅಂತ ಸಿದ್ರಾಮಪ್ಪ ಹೇಳಿದ. ಸೋಮವಾರ ಬಂದು ದೀಪ ಪರೀಕ್ಷಾ ಮಾಡತೀನಿ ಅಂದ್ರು ಇನ್‌ಸ್ಪೆಕ್ಟರ್ ಸಾಹೇಬ್ರು. ದೀಪ ಛಲೋ ಇದ್ರ ಡ್ರೈವರು ಹಚ್ಚಿಲ್ಲ ಅಂತ ಅರ್ಥ, ಲೈಸನ್ಸ್ ಹೋಗತದ, ಜೇಲೂ ಆದೀತು. ದೀಪ ಕೆಟ್ಟಿದ್ರ ತಪ್ಪು ವಾಯರಿಂಗ್ ಮಾಡಿದವಂದು. ಅಲ್ಲೀತನಕ ಗಾಡಿ ಎಲ್ಲಿಟ್ರು ಅಂತೀರಿ? ನನ್ನ ಗ್ಯಾರೇಜಿನಾಗ.

ಶನಿವಾರ ಮಧ್ಯಾಹ್ನ ಸಿದ್ರಾಮಪ್ಪ ಗ್ಯಾರೇಜಿಗೆ ಬಂದು ಎಣ್ಣಿ ಡಬ್ಬಿ ಮ್ಯಾಲೆ ಕೂತ. ಒಂದು ವಾರದಾಗ ಅರ್ಧ ಆಗಿದ್ದ. "ಒಂದು ತಿಳೀವಲ್ದು ಬಸಣ್ಣ," ಅಂದ. "ನಾ ಗಾಡಿ ಹಿಂದ ತಗೋತಿದ್ದಿಲ್ಲ. ಆದ್ರೂ ರಾಘಣ್ಣ ತಟ್ಟಲಿಕ್ಕೆ ಹತ್ತಿದ್ದ. ಎರಡೆರಡು, ಎರಡೆರಡು. ನನ್ನನ್ನ ಕರದ ಅಂವಾ. ಬಂದೆ ತಡಿ ಅಂತ ನೀರು ಹಾಕಿಕೋತ ನಿಂತೆ, ಹೋಗಲಿಲ್ಲ. ಹೋಗಿದ್ರ ಇರತಿದ್ನೇನೋ."

ನನಗ ತಿಳೀತು. ರಾಘಣ್ಣ ತಟ್ಟಿದ್ದು ಇವಗಲ್ಲ. ತಟ್ಟು ಹಂಗಾರ ಅಂತ ಯಾರು ಹೇಳಿದ್ರೋ, ಅವರ ಮಾತು ಕೇಳಿ ತಟ್ಟಿದ್ದ. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ, ಅಂಜಿದೆ. ಚಹಾ ತರಿಸಲೇನು ಅಂತ ಕೇಳಿದೆ, ನನ್ನ ಜನ್ಮಕ್ಕಷ್ಟು ಬೆಂಕಿ ಹಾಕಲಿ.

ಅಂವಾ ಹೋದ ಮ್ಯಾಲೆ ಗಾಡಿಗೆ ಬ್ಯಾಟರಿ ಕೂಡಿಸಿ ಕೆಂಪು ದೀಪದ ಗುಂಡಿ ಒತ್ತಿದೆ. ಹತ್ತಲಿಲ್ಲ. ಡ್ರೈವರ್ ಸೀಟಿನಾಗ ಕೂತಾಂವ ಕೂತೇ ಇದ್ದೆ, ಹಿಂದಿನ ತಗಡಿನ ಮ್ಯಾಲೆ ಎರಡು ಏಟು ಬಿದ್ದುವು. ಅಗಲ ಕೈಯಿನ ಏಟು. ಹಿಂದಿನ ಗ್ವಾಡಿ ಮ್ಯಾಲೆ ಕೆಂಪು ಬೆಳಕು ಬಿತ್ತು, ಆರಿತು. ಮತ್ತ ಎರಡು ಏಟು, ಮತ್ತ ಬೆಳಕು. ಇಳದು ಓಡಿ ಹೋಗಿ ನೋಡಿದೆ, ಯಾರೂ ಇಲ್ಲ. ಮಾಳಗಿ ಸೋರಿ ತಗಡಿನ ಮ್ಯಾಲೆ ಹನಿ ಬೀಳತಿತ್ತು. ಹನಿ ಬಿದ್ದ ಸಪ್ಪಳ ಅಂತ ನನಗ ನಾನ ಹೇಳಿಕೊಂಡೆ. ಹನಿ ಎಂದಾದ್ರೂ ಎರಡೆರಡ ಬೀಳತಾವೇನ್ರಿ.

ಮನಿಗೆ ಹೋದ್ರ ಅಲ್ಲೂ ಅದೇ ಸಪ್ಪಳ. ನನ್ನ ಹೆಂಡತಿ ಕಲ್ಲವ್ವ ಜ್ವಾಳದ ರೊಟ್ಟಿ ತಟ್ಟಲಿಕ್ಕೆ ಕೂತಿದ್ದಳು. ಹದಿನೆಂಟು ವರ್ಷ ಕೇಳಿದ ಸಪ್ಪಳ ಅವತ್ತು ಎದಿಗೆ ಬಡೀತು. "ನಿಲ್ಲಸಽ ಅದನ್ನ," ಅಂತ ಒದರಿದೆ.

"ಊಟಕ್ಕೇನು ಕಲ್ಲು ಹಾಕಲೇನ್ರಿ?" ಅಂದಳು. ನನ್ನ ಮಾರಿ ನೋಡಿ ಹಿಟ್ಟು ಬಾಜೂಕ ಸರಿಸಿ ಅನ್ನಕ್ಕ ಇಟ್ಟಳು.

ಮರುದಿವಸ ಐತವಾರ. ಮುಂಜಾನೆ ಗ್ಯಾರೇಜಿಗೆ ಹೋಗಿ ಗಾಡಿ ಕೆಳಗ ಮಲಗಿ, ಅದೇ ರಾಡಿಯೊಳಗ ಹೊರಳಾಡಿ ಹೊಸ ಕರೀ ವಾಯರು ಎಳದೆ. ಬೆಸಗಿ ಹಾಕಿದೆ, ಎರಡು ಸರತಿ ಜಗ್ಗಿ ನೋಡಿದೆ. ದೀಪ ಸ್ಥಿರ ಹತ್ತಿತು, ಅಳಗಾಡಿಸಿದ್ರೂ ಆರವಲ್ದು. ನಾನು ಇದನ್ನ ಯಾಕ ಮಾಡಿದೆ ಅಂದ್ರ ರಾಘಣ್ಣನ ಕೈ ನಿಂತೀತು ಅಂತ. ಹಿಂಗ ಅಂತ ನನಗ ನಾ ಹೇಳಿಕೊಂಡೆ. ಖರೇ ಮಾತು ಬ್ಯಾರೇ ಇತ್ತು, ಅದು ನಿಮಗ ತಿಳದದ. ಆ ದೀಪ ಛಲೋ ಆತು ಅಂದ್ರ ನಾ ಪಾರು, ಸಿದ್ರಾಮಪ್ಪ ಹೋದ.

ಕೈ ನಿಲ್ಲಲಿಲ್ಲ. ಐತವಾರ ಇಡೀ ದಿವಸ, ನಾ ಬೆನ್ನು ತಿರುವಿದಾಗೆಲ್ಲಾ, ಎರಡೆರಡು. ಬರಲಿ, ಬರಲಿ.

ಸೋಮವಾರ ಹತ್ತು ಗಂಟೆಗೆ ಸಾಹೇಬ್ರು ಬಂದ್ರು. ಸಿದ್ರಾಮಪ್ಪ ತೊಳದ ಅಂಗಿ ಹಾಕ್ಕೊಂಡು ಬಂದು ಅದೇ ಡಬ್ಬಿ ಮ್ಯಾಲೆ ಕೂತ. ಗುಂಡಿ ಒತ್ತಿದ್ರು, ಕೆಂಪು ದೀಪ ಹತ್ತಿತು. ಕೈಲೆ ಹಿಡದು ಅಳಗಾಡಿಸಿದ್ರು, ಆರಲಿಲ್ಲ. ದೀಪಕ್ಕ ಏನೂ ಆಗಿಲ್ಲ, ಡ್ರೈವರ್ ಹಚ್ಚೇ ಇಲ್ಲ ಅಂತ ಮರಾಠಿಯೊಳಗ ಹೇಳಿ ಕಾಗದ ತಗದ್ರು.

"ಹಚ್ಚಿದ್ದೆನ್ರಿ ಸಾಹೇಬ್ರ," ಅಂದ ಸಿದ್ರಾಮಪ್ಪ. ಆಮೇಲೆ ನನ್ನ ಕಡೆ ತಿರಗಿ ಸಣ್ಣ ದನಿಯೊಳಗ ಕೇಳಿದ, "ಹಚ್ಚಿದ್ದೆ ಅನಸತದ ಬಸಣ್ಣ. ಮರತಿದ್ನೇನೋ. ನಾನ ಕೊಂದೆನೇನು ಅವನ್ನ?"

ಆಗ ನಾ ಕಿವಿಗೊಟ್ಟು ಕೂತೆ. ಈಗ ತಟ್ಟತಾನ, ಇವರೆಲ್ಲಾ ಕೇಳತಾರ, ನಾ ಹೇಳೋ ಕೆಲಸ ಉಳೀತದ ಅಂತ ಕಾದೆ. ಗ್ಯಾರೇಜು ಸುಮ್ಮನಿತ್ತು. ಸಾಹೇಬ್ರ ಪೆನ್ನಿನ ಸಪ್ಪಳ ಒಂದ.

ಎದ್ದು ಗಾಡಿ ಹಿಂದ ಹೋದೆ. ನಾ ಹಾಕಿದ ಕರೀ ವಾಯರಿಗೆ ಕೈ ಹಾಕಿ ಜಗ್ಗಿ ಕಿತ್ತೆ. ದೀಪ ಆರಿತು. ಸಾಹೇಬ್ರು ತಲಿ ಎತ್ತಿದ್ರು. ರಾಘಣ್ಣ ತಟ್ಟಿ ತಟ್ಟಿ ಬಣ್ಣ ಹೋಗಿದ್ದ ಜಾಗಾದ ಮ್ಯಾಲೆ ಎರಡು ಏಟು ಹಾಕಿದೆ. ಹತ್ತಿತು, ಆರಿತು.

"ಅವತ್ತು ದೀಪ ಹಿಂಗಿತ್ತರಿ," ಅಂದೆ. "ಈ ವಾಯರು ನಿನ್ನೆ ಹಾಕೀನಿ. ರಾಘಣ್ಣ ಬಂದು ಹೇಳಿದ್ದ, ನೋಡು ಅಂತ. ನಾ ತಟ್ಟು ಹಂಗಾರ ಅಂದೆ. ಅವನು ಹಿಂದ ಹೋದದ್ದು ಇದಕ್ಕ."

ಸಿದ್ರಾಮಪ್ಪ ಬೈತಾನ, ಬಡೀತಾನ ಅಂತ ತಯಾರಾಗಿ ನಿಂತಿದ್ದೆ. ಅಂವಾ ಒಂದೇ ಕೇಳಿದ. "ಹಂಗಾರ ನನ್ನನ್ನ ಕರದಿದ್ದಿಲ್ಲೇನು?"

"ಇಲ್ಲೋ ಸಿದ್ರಾಮ. ನಿನ್ನನ್ನ ಕರದಿಲ್ಲ."

ಅಂವಾ ಮಾರಿ ಮುಚ್ಚಿಕೊಂಡು ಕೂಸಿನಂಗ ಅತ್ತ. ನಾನೂ ಅತ್ತೆ, ಸಾಹೇಬ್ರ ಮುಂದ, ನಾಚಿಕಿ ಬಿಟ್ಟು. ಮುಂದ ನನಗ ಮೂರು ತಿಂಗಳು ಜೇಲಾತು, ಆಗಲಿ, ಅದಕ್ಕ ನನ್ನ ತಕರಾರಿಲ್ಲ. ನಾ ಹೇಳಬೇಕಂದದ್ದು ಅವತ್ತಿಂದು. ಸಾಹೇಬ್ರು ಬರದದ್ದು ಹೊಡದು ಹಾಕಿ ಹೊಸದಾಗಿ ಬರೀತಿದ್ರು. ನನ್ನೆರಡೂ ಕೈ ನನ್ನ ಮಾರಿ ಮ್ಯಾಲಿದ್ದುವು, ಸಿದ್ರಾಮಪ್ಪ ಡಬ್ಬಿ ಮ್ಯಾಲೆ ಕೂತಿದ್ದ. ಆವಾಗ ಹಿಂದಿನ ತಗಡಿನ ಮ್ಯಾಲೆ ಏಟು ಬಿತ್ತು. ಒಂದೇ ಏಟು.

ಸಿದ್ರಾಮಪ್ಪ ಅಳೋದು ಬಿಟ್ಟು, ಕೂತಲ್ಲೇ, ಬ್ರೇಕ್ ಒತ್ತಿದಂಗ ಬಲಗಾಲು ನೆಲಕ್ಕ ಊರಿದ.